ಮನಾಲಿಯಿಂದ ಒಂದೇ ದಿನದಲ್ಲಿ ಚಂದ್ರತಾಲ್: ಗೈಡ್, ಫೋರ್ ಬೈ ಫೋರ್ ಗಾಡಿ ಇದ್ದರೆ ಆಗುತ್ತಾ?

ಬಸವನಗುಡಿ_ಬೆಣ್ಣೆದೋಸೆ

ಬೆಂಗಳೂರಿನಿಂದ ನಾಲ್ಕು ಜನ. ಒಬ್ಬರಿಗೆ 61 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ. ಜುಲೈ ಮೂರನೇ ವಾರ ಇಲ್ಲವೇ ಸೆಪ್ಟೆಂಬರ್ ಕೊನೆ, ಎರಡರಲ್ಲೊಂದು. ಮನಾಲಿಯಿಂದ ಗೈಡ್ ಸಮೇತ ಫೋರ್ ಬೈ ಫೋರ್ ಗಾಡಿ. ಅಟಲ್ ಸುರಂಗ, ಕೋಕ್ಸರ್, ಗ್ರಾಂಫೂ, ಛತ್ರು, ಛೋಟಾ ದರ್ರಾ, ಬಾತಲ್, ಚಂದ್ರತಾಲ್ ಕೆರೆ, ಅದೇ ರಾತ್ರಿ ವಾಪಸ್. ಬೆಳಗ್ಗೆ 7ಕ್ಕೆ ಹತ್ತಿಸಿಕೊಂಡು ರಾತ್ರಿ 9ಕ್ಕೆ ಹೋಟೆಲ್‌ಗೆ ಬಿಡ್ತೀವಿ ಅಂತ ಏಜೆಂಟ್ ಹೇಳ್ತಿದ್ದಾರೆ.

ಪ್ರಶ್ನೆ ಮೂರು. ಈ ಟೈಮಿಂಗ್ ಸರಿ ಇದೆಯಾ? ಯಾವ ಗಾಡಿ ಕೇಳಬೇಕು? ರೋಹ್ತಾಂಗ್ ಪರ್ಮಿಟ್ ಬೇಕಾ?

ಲೋರೇಂಜ್

ಪರ್ಮಿಟ್ ವಿಷಯ ಮೊದಲು ಮುಗಿಸೋಣ. ರೋಹ್ತಾಂಗ್ ಘಾಟಿ ಹತ್ತಿಕೊಂಡು ಹೋದರೆ ಬೇಕು. ಸುರಂಗದಿಂದ ಹೊರಬಿದ್ದು ಕೋಕ್ಸರ್ ಮೇಲೆ ಗ್ರಾಂಫೂ ಸೇರಿದರೆ ಬೇಡ. ನೀವು ಹೇಳಿರೋದು ಎರಡನೇ ದಾರಿ.

ಇನ್ನು ಟೈಮಿಂಗ್. ಜುಲೈನಲ್ಲಿ 7ಕ್ಕೆ ಹೊರಡಿಸೋ ಏಜೆಂಟ್‌ಗೆ ಆ ಕಣಿವೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳ್ತಿಲ್ಲ. ಮನಾಲಿಯಿಂದ ಕೆರೆಗೆ ಒಂದು ಕಡೆಗೆ ಸುಮಾರು 115 ಕಿ.ಮೀ. ಗ್ರಾಂಫೂವರೆಗೆ ಡಾಂಬರು, ಅಲ್ಲಿ ತನಕ ಸಲೀಸು. ಅಲ್ಲಿಂದ ಬಾತಲ್‌ಗೆ ಸುಮಾರು 50, ಬಾತಲ್‌ನಿಂದ ಕೆರೆಗೆ 14. ಈ 64 ಕಿ.ಮೀ.ಗೆ ನಾಲ್ಕೂವರೆಯಿಂದ ಐದು ಗಂಟೆ ಇಟ್ಕೊಳ್ಳಿ. ಗಂಟೆಗೆ 12–15 ಕಿ.ಮೀ. ವೇಗ. ಮೆಜೆಸ್ಟಿಕ್ ಟ್ರಾಫಿಕ್ಕೇ ವಾಸಿ ಅನ್ನಿಸುತ್ತೆ.

ಅಂದ್ರೆ 7ಕ್ಕೆ ಹೊರಟರೆ ಕೆರೆ ಹತ್ರ ಮಧ್ಯಾಹ್ನ 1:30. ಹೋಗ್ತಾ ನಾಲಾಗಳನ್ನ (ರಸ್ತೆಗೆ ಅಡ್ಡ ಹರಿಯೋ ತೊರೆಗಳನ್ನ) ದಾಟೋದು 10ರಿಂದ 12ಕ್ಕೆ, ಬರ್ತಾ ದಾಟೋದು ಸಂಜೆ 4ರಿಂದ 6ಕ್ಕೆ. ಜುಲೈನಲ್ಲಿ ಅದು ನೀರು ತುಂಬಿ ಹರಿಯೋ ಹೊತ್ತು. ಹೋಗುವಾಗ ಮೊಣಕಾಲಿನ ಕೆಳಗಿದ್ದ ನಾಲಾ ಬರುವಾಗ ತೊಡೆಮಟ್ಟ ಇರುತ್ತೆ, ನೀರಿನ ಕೆಳಗೆ ಕಲ್ಲು ಉರುಳೋ ಸದ್ದು ಕೇಳುತ್ತೆ. ಆಗ ಈ ದಡದಲ್ಲಿ ಕಾಯೋದೊಂದೇ ದಾರಿ. ಕತ್ತಲಾದ ಮೇಲೆ ದಾಟೋದು ಇನ್ನೂ ಕೆಟ್ಟದ್ದು.

ಹಿಮನದಿ_ನಕ್ಷೆ

ಮೇಲಿನವರು ಹೇಳಿದ್ದಕ್ಕೆ ಕಾರಣ ಸೇರಿಸುತ್ತೇನೆ, ಕಾರಣ ಗೊತ್ತಿದ್ದರೆ ಸಮಯ ನೀವೇ ಲೆಕ್ಕ ಹಾಕಬಹುದು.

ಈ ಕಣಿವೆ ಪೀರ್ ಪಂಜಾಲ್ ಸಾಲಿನ ಆಚೆ ಮಗ್ಗುಲಿಗಿದೆ. ಮಳೆಗಾಲದ ಮೋಡದ ಬಹುಪಾಲು ಮನಾಲಿ ಕಡೆಯೇ ಸುರಿದು ಹೋಗುತ್ತದೆ. ಇಲ್ಲಿನ ನಾಲಾಗಳ ನೀರು ಮುಖ್ಯವಾಗಿ ಕರಗಿದ ಹಿಮ. ಹಾಗಾಗಿ ಇವು ಮಳೆಯ ಲೆಕ್ಕಕ್ಕಿಂತ ಬಿಸಿಲಿನ ಲೆಕ್ಕದಲ್ಲಿ ಏರಿಳಿಯುತ್ತವೆ. ಬೆಳಗಿನ ಜಾವ ಕನಿಷ್ಠ. ಮೇಲೆ ಕರಗಿದ್ದು ಇಳಿದು ಬರಲು ಕೆಲವು ಗಂಟೆ ಹಿಡಿಯುವುದರಿಂದ ಗರಿಷ್ಠ ಮಟ್ಟ ನಡುಮಧ್ಯಾಹ್ನಕ್ಕಲ್ಲ, ಸುಮಾರು 2ರಿಂದ 6ರೊಳಗೆ. ಛತ್ರು ಸೇತುವೆ ದಾಟಿದ ಮೇಲೆ ಬಾತಲ್‌ವರೆಗೆ ರಸ್ತೆ ಚಂದ್ರಾ ನದಿಯ ಬಲದಂಡೆಯಲ್ಲಿದೆ, ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಅದರ ಮೇಲೆ ಬಿಸಿಲು ಬೇಗ ಬೀಳುತ್ತದೆ.

ಎರಡು ಸಂದರ್ಭದಲ್ಲಿ ಮಾತ್ರ ಬೆಳಗಿನ ಲೆಕ್ಕವೂ ಕೈಕೊಡುತ್ತದೆ. ರಾತ್ರಿಯಿಡೀ ಮೋಡ ಕವಿದಿದ್ದರೆ ತಾಪ ಇಳಿಯುವುದಿಲ್ಲ, ಕರಗುವುದು ನಿಲ್ಲುವುದಿಲ್ಲ. ಹಿಮದ ಮೇಲೆ ಮಳೆ ಬಿದ್ದರೆ ಎರಡೂ ನೀರು ಕೂಡಿ ಬರುತ್ತವೆ. ಗೈಡ್ ಬೆಳಗ್ಗೆ ಆಕಾಶ ನೋಡಿ 'ಇವತ್ತು ಬೇಡ' ಅಂದರೆ ವಾದ ಮಾಡಬೇಡಿ.

ಫಿಲ್ಟರ್_ಕಾಪಿ_560004

ಇಷ್ಟೆಲ್ಲ ಹೆದರಿಸೋದು ಬೇಡ ಸ್ವಾಮಿ. ಆ ರಸ್ತೆಯಲ್ಲಿ ಸರ್ಕಾರಿ ಬಸ್ಸೇ ಓಡುತ್ತೆ, ಟೆಂಪೊ ಟ್ರಾವೆಲರ್ ಓಡುತ್ತೆ. ಟೈರ್ ಗಾಳಿ 15 ಪಿಎಸ್‌ಐಗೆ ಇಳಿಸಿದ್ರೆ ಮಹೀಂದ್ರಾ ಥಾರ್ ಜೀಪು ಎಲ್ಲಾದರೂ ಹತ್ತುತ್ತೆ.

ಗ್ರೀಸ್_ಕೈ

ಬಸ್ ಓಡುತ್ತೆ, ಹೌದು. ಆದರೆ ಬಸ್ಸಿನ ಚಕ್ರದ ಎತ್ತರ ಎಷ್ಟು, ತೂಕ ಎಷ್ಟು? ಹರಿಯೋ ನೀರಲ್ಲಿ ತೂಕವೇ ಲಂಗರು.

15 ಪಿಎಸ್‌ಐ ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಅದು ಮರಳಿಗೆ. ಇಲ್ಲಿರೋದು ಹಿಮನದಿ ಒಡೆದು ತಂದು ಸುರಿದ ಕಲ್ಲು. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲಲ್ಲ, ಅಂಚು ಹರಿತ. ಗಾಳಿ ತೀರಾ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಹೊರಗೆ ಉಬ್ಬಿ ಕಲ್ಲಿಗೆ ಸಿಗುತ್ತೆ. ಮಧ್ಯದ ತೂತಿಗೆ ಪಂಕ್ಚರ್ ಕಿಟ್‌ನ ಬತ್ತಿ ತುರುಕಬಹುದು, ಪಕ್ಕದ ಗೋಡೆ ಸೀಳಿದರೆ ಟೈರ್ ಕಸಕ್ಕೆ. ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿಯೋದೂ ಇದೇ ಕಾರಣಕ್ಕೆ. ಡಾಂಬರಿನ ಮೇಲೆ 32 ಇಟ್ಟಿದ್ದರೆ ಗ್ರಾಂಫೂನಲ್ಲಿ 24–26ಕ್ಕೆ ಇಳಿಸಿ, ಸಾಕು.

ಇನ್ನೊಂದು ಲೆಕ್ಕ ತುಂಬಾ ಜನ ಮರೀತಾರೆ. ಗೇಜು ತೋರಿಸೋದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸ. ಮನಾಲಿ ಎತ್ತರ ಸುಮಾರು 2,050 ಮೀಟರ್, ಅಲ್ಲಿ ಹೊರಗಿನ ಒತ್ತಡ ಸುಮಾರು 11.5 ಪಿಎಸ್‌ಐ. ಕೆರೆ ಹತ್ತಿರ 4,250 ದಾಟುತ್ತೆ, ಅಲ್ಲಿ ಸುಮಾರು 8.6. ಏನೂ ಮಾಡದೆ ಗೇಜು ಸುಮಾರು 3 ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಚಳಿ ಅದನ್ನ ಕೆಳಗೆ ಎಳೆಯುತ್ತೆ: ಟೈರ್ ತಾಪ ಐದಾರು ಡಿಗ್ರಿ ಇಳಿದರೆ ಹತ್ತಿರ ಹತ್ತಿರ 1 ಪಿಎಸ್‌ಐ ಕಮ್ಮಿ. ಅದಕ್ಕೇ ಮನಾಲಿ ಬಂಕ್‌ನಲ್ಲಿ ಇಳಿಸಿ ಕೂರಬಾರದು. ಗ್ರಾಂಫೂನಲ್ಲಿ ಅಳೆದು ಇಳಿಸಿ, ವಾಪಸ್ ಬಂದು ಡಾಂಬರು ಹತ್ತೋ ಮುಂಚೆ ತುಂಬಿಸಿ. ಗಾಡಿಯಲ್ಲಿ 12 ವೋಲ್ಟ್ ಕಂಪ್ರೆಸರ್ ಇಲ್ಲ ಅಂದರೆ ಗಾಳಿ ಇಳಿಸಲೇಬೇಡಿ. ಕಡಿಮೆ ಗಾಳಿಯಲ್ಲಿ ಮನಾಲಿವರೆಗೆ ಡಾಂಬರಿನ ಮೇಲೆ ಓಡಿಸಿದರೆ ಟೈರ್ ಕಾದು ಹಾಳಾಗುತ್ತೆ.

ಬಸವನಗುಡಿ_ಬೆಣ್ಣೆದೋಸೆ

ಏಜೆಂಟ್ ಥಾರ್ ಅಂತಾನೇ ಹೇಳಿದ್ದಾರೆ. 650 ಮಿಲಿಮೀಟರ್ ನೀರಲ್ಲಿ ಹೋಗುತ್ತೆ ಅಂತ ಕಂಪನಿಯೇ ಹೇಳುತ್ತಲ್ಲ, ತೊಡೆಮಟ್ಟ ನೀರು ಅದರೊಳಗೇ ಬರಲ್ವಾ?

ಗ್ರೀಸ್_ಕೈ

ಆ 650 ನಿಂತ ನೀರಿನ ಲೆಕ್ಕ. ಹರಿಯುವ ನೀರು ಬಾಗಿಲಿಗೆ ಒತ್ತುತ್ತೆ, ಕೆಳಗಿಂದ ಎತ್ತುತ್ತೆ. 30 ಸೆಂ.ಮೀ. ರಭಸದ ನೀರು ಚಿಕ್ಕ ಕಾರನ್ನ ತೇಲಿಸಬಲ್ಲದು, 60 ಸೆಂ.ಮೀ. ದೊಡ್ಡ ಗಾಡಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು. ನಾಲಾದಲ್ಲಿ ಲೆಕ್ಕ ಹೀಗಿಟ್ಕೊಳ್ಳಿ: ನೀರು ಚಕ್ರದ ಮಧ್ಯದ ಬೋಲ್ಟ್ ಮಟ್ಟ ಮುಟ್ಟಿತು ಅಂದರೆ ಗೈಡ್ ಇಳಿದು ನೋಡಬೇಕು. ಬಾನೆಟ್ ಮಟ್ಟದ ಮಾತೇ ಬೇಡ.

ದಾಟೋ ಕ್ರಮ, ಒಳ್ಳೆ ಡ್ರೈವರ್ ಮಾಡೋದು ಹೀಗೆ. ದಡದಲ್ಲಿ ನಿಲ್ಲಿಸಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡೋ ಗೇರು) ಹಾಕ್ತಾನೆ. ಮೊದಲನೇ ಅಥವಾ ಎರಡನೇ ಗೇರು ದಡದಲ್ಲೇ ಹಾಕಿ, ನೀರಿನ ನಡುವೆ ಗೇರು ಬದಲಾಯಿಸೋ ಹಾಗಿಲ್ಲ. ಕ್ಲಚ್ ಒತ್ತಿದರೆ ಪ್ಲೇಟಿನ ನಡುವೆ ನೀರು ಹೋಗಿ ಜಾರುತ್ತೆ, ಗಾಡಿಯೂ ಅಲ್ಲೇ ನಿಲ್ಲುತ್ತೆ. ವೇಗ ನಡೆಯೋ ವೇಗ. ಮುಂದೆ ಒಂದು ಸಣ್ಣ ಅಲೆ ಎದ್ದು ಅದರ ಹಿಂದೆ ಬಾನೆಟ್ ಕೆಳಗೆ ತಗ್ಗಾಗುತ್ತೆ, ಆ ಅಲೆ ಉಳಿಸಿಕೊಂಡೇ ಸಾಗಬೇಕು. ಜಾಗ ಆರಿಸೋದು ಅಗಲ ನೋಡಿ. ನೀರು ಹರಡಿಕೊಂಡು ಕಲಕಲ ಅನ್ನೋ ಕಡೆ ಆಳ ಕಡಿಮೆ. ಕಿರಿದಾಗಿ, ಸದ್ದಿಲ್ಲದೆ, ಮೇಲ್ಮೈ ನಯವಾಗಿರೋ ಕಡೆ ಆಳ. ಹೊಸಬರು ಸದ್ದು ಕೇಳಿ ಹೆದರಿ ಶಾಂತವಾದ ಕಡೆ ಇಳಿಸ್ತಾರೆ. ಕೆಡೋದು ಅಲ್ಲೇ.

ಇಂಜಿನ್ ನಿಂತರೆ? ನೀರು ಏರ್ ಫಿಲ್ಟರ್ ಮಟ್ಟಕ್ಕೆ ಬಂದಿತ್ತು ಅನ್ನೋ ಸಣ್ಣ ಅನುಮಾನ ಇದ್ದರೂ ಮತ್ತೆ ಕೀ ತಿರುಗಿಸಬಾರದು. ಸಿಲಿಂಡರಿನೊಳಗೆ ನೀರಿದ್ದರೆ ಪಿಸ್ಟನ್ ಅದನ್ನ ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತೆ. ಹಗ್ಗ ಹಾಕಿ ಎಳೆಸಿ, ಫಿಲ್ಟರ್ ತೆಗೆದು ಒದ್ದೆ ಇದೆಯಾ ನೋಡಿ, ಆಮೇಲೆ ಮಿಕ್ಕ ಮಾತು.

ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ಆಕ್ಸಲ್ಲಿನದು. ಹತ್ತಿ ಹತ್ತಿ ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ ಗೇರು ಡಬ್ಬಿ) ಕಾದಿರುತ್ತೆ. ಅದನ್ನ ಹಿಮದ ನೀರಲ್ಲಿ ಅದ್ದಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆಯುತ್ತೆ. ಆ ಡಬ್ಬಿಗೆ ಗಾಳಿಯಾಡೋ ಬ್ರೀದರ್ ಪೈಪ್ ಮೇಲಕ್ಕೆ ಎತ್ತಿ ಕಟ್ಟಿಲ್ಲದಿದ್ದರೆ ಎಳೆಯೋದು ನೀರನ್ನ. ವಾರದ ಮೇಲೆ ಆಯಿಲ್ ಬಿಚ್ಚಿದರೆ ಮಜ್ಜಿಗೆ ಬಣ್ಣ. ನೀರಿಗಿಳಿಯೋ ಮುಂಚೆ ಐದು ನಿಮಿಷ ನಿಲ್ಲಿಸಿ ಆರಲು ಬಿಡೋ ಡ್ರೈವರ್ ಸಿಕ್ಕಿದರೆ ಕೆಲಸ ಬಲ್ಲವನು ಅಂತ ತಿಳ್ಕೊಳ್ಳಿ. ದಾಟಿದ ಮೇಲೆ ಬ್ರೇಕ್ ಮೇಲೆ ಕಾಲಿಟ್ಟು ಮೆಲ್ಲಗೆ ನೂರು ಮೀಟರ್ ಓಡಿಸಿ ಪ್ಯಾಡ್ ಒಣಗಿಸಬೇಕು, ಇಲ್ಲದಿದ್ದರೆ ಮುಂದಿನ ಇಳಿಜಾರಲ್ಲಿ ಬ್ರೇಕ್ ಹಿಡಿಯೋಕೆ ತಡವಾಗುತ್ತೆ.

ಲೋರೇಂಜ್

ಒಂದೇ ಒಂದು ಗಾಡಿ ಕಳಿಸೋ ಟ್ರಿಪ್ ಒಪ್ಪಿಕೊಳ್ಳಬೇಡಿ. ಫೋರ್ ಬೈ ಫೋರ್ ಇದ್ದರೂ ಎಳೆಯೋಕೆ ಇನ್ನೊಂದು ಗಾಡಿ ಬೇಕಲ್ಲ. ಕನಿಷ್ಠ ಎರಡು ಗಾಡಿ, ನಡುವೆ ವಾಕಿಟಾಕಿ. ಗ್ರಾಂಫೂ ದಾಟಿದ ಮೇಲೆ ಮೊಬೈಲ್ ನೆಟ್‌ವರ್ಕ್ ಇಲ್ಲ ಅಂತಾನೇ ಲೆಕ್ಕ ಹಾಕಿ. ಡೀಸೆಲ್ ಮನಾಲಿಯಲ್ಲೇ ಫುಲ್ ಮಾಡಿಸಿ. ಗ್ರಾಂಫೂನಿಂದ ಕಾಜಾವರೆಗೆ ಬಂಕ್ ಇಲ್ಲ.

ಏಜೆಂಟ್‌ಗೆ ಫೋನಲ್ಲೇ ಕೇಳಿ: ನಂಬರ್ ಪ್ಲೇಟ್ ಹಳದಿಯಾ? ಬಿಳಿ ಬೋರ್ಡ್ ಗಾಡಿಯನ್ನ ಬಾಡಿಗೆಗೆ ಓಡಿಸೋದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆ ಕೈಚೆಲ್ಲುತ್ತೆ. ಸ್ಟೆಪ್ನಿ ಎಷ್ಟು, ಎರಡಿದೆಯಾ? ಹಗ್ಗ ಹಿಗ್ಗುವ ಕೈನೆಟಿಕ್ ಹಗ್ಗವಾ, ಲಾರಿಗೆ ಕಟ್ಟೋ ಹಗ್ಗವಾ? ಎಳೆಯೋ ಹುಕ್ಕು ಚಾಸಿಗೆ ಬೋಲ್ಟ್ ಆಗಿದೆಯಾ? ಹಿಂದಿನ ಟ್ರೇಲರ್ ಬಾಲ್‌ಗೆ ಹಗ್ಗ ಸಿಕ್ಕಿಸಿ ಎಳೆದರೆ ಅದು ಮುರಿದು ಗುಂಡಿನಂತೆ ಹಾರುತ್ತೆ. ಎಳೆಯುವಾಗ ಹಗ್ಗದ ಮಧ್ಯೆ ಒಂದು ಕಂಬಳಿ ಹೊದಿಸಿ, ನೋಡೋಕೆ ನಿಂತವರೆಲ್ಲ ಹಗ್ಗದ ಒಂದೂವರೆ ಉದ್ದದಾಚೆ. ಬಾಡಿಗೆಯಲ್ಲಿ ಡ್ರೈವರ್ ಬಾಟಾ ಸೇರಿದೆಯಾ, ಅರ್ಧ ದಾರಿಯಿಂದ ವಾಪಸ್ ಬಂದರೆ ದುಡ್ಡಿನ ಕತೆ ಏನು ಅನ್ನೋದು ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಈ ಕೊನೇದು ಮುಖ್ಯ. ಮುಟ್ಟಿಸಿದರೆ ಮಾತ್ರ ಪೂರ್ತಿ ದುಡ್ಡು ಅನ್ನೋ ಕರಾರಿದ್ದರೆ ಡ್ರೈವರ್ ತಿರುಗಿಸಬೇಕಾದ ಜಾಗದಲ್ಲಿ ತಿರುಗಿಸಲ್ಲ.

ಡಾಕ್ಟ್ರು_ರಾಜಾಜಿನಗರ

61 ವರ್ಷದವರ ಬಗ್ಗೆ ಯಾರೂ ಮಾತಾಡಲಿಲ್ಲ.

ಬೆಂಗಳೂರು ಸುಮಾರು 920 ಮೀಟರ್. ಅದಕ್ಕೆ ಹೋಲಿಸಿದರೆ ಚಂದ್ರತಾಲ್‌ನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸುಮಾರು ಮೂರನೇ ಒಂದು ಭಾಗ ಕಡಿಮೆ. ಎತ್ತರದ ಕಾಯಿಲೆಯ ತಲೆನೋವು, ವಾಕರಿಕೆ, ಸುಸ್ತು ಸಾಮಾನ್ಯವಾಗಿ ಮೇಲೇರಿದ 6ರಿಂದ 12 ಗಂಟೆಯೊಳಗೆ ಶುರುವಾಗುತ್ತದೆ. ಅದೇ ದಿನ ಇಳಿಯುವವರಿಗೆ ಇದೊಂದು ಅನುಕೂಲ: ಕಾಯಿಲೆ ಹಿಡಿಯುವ ಹೊತ್ತಿಗೆ ನೀವು ಕೆಳಗಿರುತ್ತೀರಿ. ಆದರೆ ನಾಲಾ ಉಕ್ಕಿ ಮೇಲೆಯೇ ಸಿಕ್ಕಿಹಾಕಿಕೊಂಡರೆ ಆ ಅನುಕೂಲ ಪೂರ್ತಿ ತಿರುಗುಮುರುಗು. ಹೊಂದಿಕೊಳ್ಳದ ದೇಹದಲ್ಲಿ 4,000 ಮೀಟರ್ ಮೇಲೆ ರಾತ್ರಿ ಮಲಗಬೇಕಾಗುತ್ತದೆ.

ಮನಾಲಿಯಲ್ಲಿ ಕನಿಷ್ಠ ಎರಡು ರಾತ್ರಿ ಮೊದಲು ಕಳೆಯಿರಿ. ಚಂಡೀಗಢದಿಂದ ರಾತ್ರಿ ವೋಲ್ವೋದಲ್ಲಿ ಬಂದಿಳಿದ ಮರುದಿನವೇ ಬೇಡ. ಮಧ್ಯದ ದಿನ ಸುರಂಗ ದಾಟಿ ಸಿಸ್ಸುಗೆ ಹೋಗಿ ಎರಡು ಮೂರು ಗಂಟೆ ಇದ್ದು ಬನ್ನಿ, ಅದು 3,000 ಮೀಟರ್ ದಾಟುತ್ತದೆ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್, ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ. ಇದು ಮೂತ್ರ ಹೆಚ್ಚಿಸುವ ಔಷಧ, ಕೆಲವು ಬಿಪಿ ಮಾತ್ರೆಗಳೂ ಅದೇ ಕೆಲಸ ಮಾಡುತ್ತವೆ. ಸಲ್ಫಾ ಅಲರ್ಜಿ ಇದ್ದವರಿಗೂ ಪ್ರಶ್ನೆ ಇದೆ. ಅದಕ್ಕೆ ಇಲ್ಲೇ, ಬೆಂಗಳೂರಲ್ಲೇ, ಅವರ ವೈದ್ಯರನ್ನು ಕೇಳಿ ತಗೊಳ್ಳಲಿ. ಹಿಂದಿನ ರಾತ್ರಿ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ.

ಗಾಡಿ ನಿಲ್ಲುವ ಜಾಗದಿಂದ ಕೆರೆಗೆ ಸುಮಾರು ಒಂದು ಕಿ.ಮೀ. ನಡಿಗೆ. ಲಾಲ್‌ಬಾಗಿನ ವೇಗದಲ್ಲಿ ನಡೆಯಬೇಡಿ. ಮಾತಾಡಿಕೊಂಡು ನಡೆಯಲಾಗದಷ್ಟು ಏದುಸಿರು ಬಂದರೆ ನಿಲ್ಲಿ. ಸುಮ್ಮನೆ ಕೂತಾಗಲೂ ಏದುಸಿರು, ನಡೆಯುವಾಗ ಓಲಾಟ, ತೊದಲು ಮಾತು, ಇವುಗಳಲ್ಲಿ ಯಾವುದು ಕಂಡರೂ ಫೋಟೊ ಬಿಟ್ಟು ಆ ಕ್ಷಣವೇ ಕೆಳಗಿಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಅಲ್ಲಿ 80ರ ಆಸುಪಾಸು ತೋರಿಸುವುದು ಅಪರೂಪವಲ್ಲ. ಸಂಖ್ಯೆಗಿಂತ ಮನುಷ್ಯನನ್ನು ನೋಡಿ.

ಬಸವನಗುಡಿ_ಬೆಣ್ಣೆದೋಸೆ

ಸರಿ, 7 ಗಂಟೆ ಆಗಲ್ಲ. ಬೆಳಗಿನ ಜಾವ 3:30ಕ್ಕೆ ಹೊರಟರೆ ಜುಲೈನಲ್ಲಿ ಕೆರೆ ಮುಟ್ಟಿ ಬರಬಹುದಾ?

ಲೋರೇಂಜ್

ಲೆಕ್ಕ ಹಾಕೋಣ. 3:30 ಮನಾಲಿ. 5:15 ಗ್ರಾಂಫೂ, ಗಾಳಿ ಇಳಿಸೋ ಹೊತ್ತಿಗೆ ಬೆಳಕು ಹರಿಯುತ್ತೆ. 6:15 ಛತ್ರು. 7:15 ಛೋಟಾ ದರ್ರಾ. 8:30 ಬಾತಲ್, ಢಾಬಾದಲ್ಲಿ ಚಹಾ. 9:45 ಕೆರೆಯ ಪಾರ್ಕಿಂಗ್. ನಡೆದು ಹೋಗಿ ನೋಡಿ ಬರೋಕೆ ಒಂದೂಕಾಲು ಗಂಟೆ, 11ಕ್ಕೆ ಅಲ್ಲಿಂದ ಬಿಟ್ಟರೆ 12:15ಕ್ಕೆ ಬಾತಲ್, 1:30 ಛೋಟಾ ದರ್ರಾ, ಛತ್ರು ತಲುಪೋದು 2:45. ಎದುರು ಒಂದು ಲಾರಿ ಸಿಕ್ಕಿ ಹಿಂದಕ್ಕೆ ತೆಗೀಬೇಕಾದರೆ ಇನ್ನೂ ಅರ್ಧ ಗಂಟೆ. ಎಷ್ಟೇ ಬೇಗ ಎದ್ದರೂ ವಾಪಸ್ ಬರೋದು ತುಂಬಿದ ನೀರಿಗೇ.

ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ಒಂದು ದಿನದ ಟ್ರಿಪ್ ಅಂದರೆ ಬಾತಲ್‌ವರೆಗೆ. 9ಕ್ಕೆ ಗಾಡಿ ತಿರುಗಿಸಿದರೆ 11:15ಕ್ಕೆ ಛತ್ರು ಸೇತುವೆ, ನಾಲಾಗಳೆಲ್ಲ ಬಿಸಿಲು ಏರೋ ಮುಂಚೆ ಹಿಂದೆ ಬಿದ್ದಿರುತ್ತವೆ. ಸಿಸ್ಸುನಲ್ಲಿ ಊಟ, 3ರೊಳಗೆ ಮನಾಲಿ. ಕೆರೆಯೂ ಬೇಕೇ ಬೇಕು ಅಂದರೆ ಕ್ಯಾಂಪಿನಲ್ಲಿ ಒಂದು ರಾತ್ರಿ ಇಟ್ಟು ಎರಡು ದಿನ ಮಾಡಿ, ಆದರೆ ಆಗ ಡಾಕ್ಟ್ರು ಹೇಳಿದ ಹೊಂದಾಣಿಕೆ ಇನ್ನೂ ಎರಡು ದಿನ ಜಾಸ್ತಿ ಬೇಕು.

ಫಿಲ್ಟರ್_ಕಾಪಿ_560004

ಕೆರೆ ನೋಡದೆ ಬಾತಲ್‌ನಿಂದ ವಾಪಸ್ ಬರೋಕೆ ಬೆಂಗಳೂರಿನಿಂದ ಅಷ್ಟು ದೂರ ಹೋಗಬೇಕಾ? ಬಾತಲ್‌ನಲ್ಲಿ ಏನಿದೆ, ಢಾಬಾ ಬಿಟ್ಟು?

ಹಿಮನದಿ_ನಕ್ಷೆ

ಕಣಿವೆ ಇದೆ. ಕೆರೆ ಚೆಂದ, ಇಲ್ಲ ಅನ್ನುವುದಿಲ್ಲ. 2005ರಿಂದ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜೌಗು ತಾಣ ಅದು, ದಡದಲ್ಲಿ ಟೆಂಟ್ ಹಾಕುವಂತಿಲ್ಲ. ಆದರೆ ಹಿಮನದಿ ನೆಲವನ್ನು ಹೇಗೆ ಕೆತ್ತುತ್ತದೆ ಅನ್ನುವುದು ಕಾಣುವುದು ಛತ್ರುವಿನಿಂದ ಬಾತಲ್ ನಡುವೆ.

ನಮ್ಮ ಮೇಕೆದಾಟು ನೆನಪಿಸಿಕೊಳ್ಳಿ: ನೀರು ಕೊರೆದ ಕಣಿವೆ ಕಿರಿದು, ತಳ ಚೂಪು. ಇಲ್ಲಿ ತಳ ಅಗಲ, ಎರಡೂ ಗೋಡೆ ನೆಟ್ಟಗೆ, ಬಾಣಲೆಯ ಅಡ್ಡಸೀಳಿಕೆಯ ಆಕಾರ. ಛೋಟಾ ದರ್ರಾ ಸುತ್ತ ಹಿಂದೆ ಮುಂದೆ ಸಂಬಂಧವಿಲ್ಲದೆ ಮನೆಯಷ್ಟು ದೊಡ್ಡ ಬಂಡೆಗಳು ಬಿದ್ದಿರುತ್ತವೆ. ನದಿ ಅವನ್ನು ಉರುಳಿಸಲಾರದು. ಹಲವನ್ನು ಮಂಜುಗಡ್ಡೆ ಹೊತ್ತು ತಂದು ಕರಗುವಾಗ ಅಲ್ಲೇ ಇಳಿಸಿ ಹೋದದ್ದು. ನದಿಯಾಚೆ ದಕ್ಷಿಣಕ್ಕೆ ನೋಡಿದರೆ ಮೊದಲು ಛೋಟಾ ಶಿಗ್ರಿ ಹಿಮನದಿ ಬರುವ ಕಣಿವೆ, ಮುಂದೆ ಬಾತಲ್ ಕಡೆಗೆ ಬಡಾ ಶಿಗ್ರಿಯದು. ಬಡಾ ಶಿಗ್ರಿ ಹಿಮಾಚಲದ ಅತಿ ಉದ್ದದ ಹಿಮನದಿ, ಸುಮಾರು 28 ಕಿ.ಮೀ. ಛೋಟಾ ಶಿಗ್ರಿ ಸುಮಾರು 9 ಕಿ.ಮೀ., ಅದರ ಹಿಮ ಎಷ್ಟು ಕೂಡುತ್ತದೆ, ಎಷ್ಟು ಕಳೆಯುತ್ತದೆ ಎಂದು 2002ರಿಂದ ವಿಜ್ಞಾನಿಗಳು ವರ್ಷ ವರ್ಷ ಅಳೆಯುತ್ತಿದ್ದಾರೆ. ಬಿಳಿ ಗೋಡೆ ಹುಡುಕಬೇಡಿ. ಶಿಗ್ರಿ ಅಂದರೆ ಅಲ್ಲಿಯ ಮಾತಿನಲ್ಲಿ ಕಲ್ಲು ಹೊದ್ದ ಹಿಮನದಿ. ತುದಿ ನೋಡಲು ಕ್ವಾರಿಯ ಕಲ್ಲುಗುಡ್ಡೆಯಂತೆಯೇ ಇರುತ್ತದೆ, ಒಳಗೆ ಮಂಜು.

ಚಂದ್ರಾದ ನೀರು ರಾಗಿ ಗಂಜಿ ತೆಳ್ಳಗೆ ಮಾಡಿದ ಹಾಗೆ ಬೂದು. ಮಂಜಿನ ಅಡಿಯಲ್ಲಿ ಬಂಡೆ ಬಂಡೆಗೆ ತಿಕ್ಕಿ ಆದ ಹಿಟ್ಟು ಅದು. ಆ ಹಿಟ್ಟಿನಿಂದಾಗಿಯೇ ನಾಲಾದ ತಳ ಕಾಣದು. ಬಾಟಲಿಗೆ ತುಂಬಿಕೊಳ್ಳಬೇಡಿ, ಕುಡಿಯುವ ನೀರು ತಲೆಗೆ 3 ಲೀಟರ್ ಮನಾಲಿಯಿಂದಲೇ ಒಯ್ಯಿರಿ.

ಬಸವನಗುಡಿ_ಬೆಣ್ಣೆದೋಸೆ

ಹಾಗಾದರೆ ಸೆಪ್ಟೆಂಬರ್ ಕೊನೆ ವಾರ. ಆಗ ಕೆರೆಗೂ ಹೋಗಿ ಬರಬಹುದು ತಾನೆ? ಅವಾಗಲೂ 3:30ಕ್ಕೇನಾ?

ಗ್ರೀಸ್_ಕೈ

ಆಗ ಅಷ್ಟು ಬೇಗ ಬೇಡ. ರಾತ್ರಿ ತಾಪ ಸೊನ್ನೆಗಿಂತ ಕೆಳಗಿಳಿಯುತ್ತೆ, ನಾಲಾದ ಅಂಚಲ್ಲಿ ಚಿಮ್ಮಿದ ನೀರು ರಸ್ತೆ ಮೇಲೆ ಗಾಜಿನಂತೆ ಹೆಪ್ಪುಗಟ್ಟಿರುತ್ತೆ. 5:30ಕ್ಕೆ ಅದರ ಮೇಲೆ ಫೋರ್ ಬೈ ಫೋರ್ ಕೂಡ ಜಾರುತ್ತೆ. ನಾಲ್ಕು ಚಕ್ರ ತಿರುಗಿದರೂ ಹಿಡಿತ ಇರೋದು ರಬ್ಬರಿಗೆ. 4:30ಕ್ಕೆ ಹೊರಡಿ, ಛತ್ರು 7:15. ಕರಗೋ ನೀರು ಆ ತಿಂಗಳಲ್ಲಿ ಕಡಿಮೆ, ಬೆಳಗಿಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸ ಇರಲ್ಲ. 12ಕ್ಕೆ ಕೆರೆ ಬಿಟ್ಟರೆ 3:45ಕ್ಕೆ ಛತ್ರು. ಸೂರ್ಯ ಮುಳುಗೋದು 6:15ರ ಸುಮಾರಿಗೆ, ಅಷ್ಟರಲ್ಲಿ ಡಾಂಬರು ಹತ್ತಿರ್ತೀರಿ. ಡೀಸೆಲ್ ಗಾಡಿಯಾದರೆ ಮನಾಲಿ ಬಂಕಿನದೇ ಡೀಸೆಲ್ ಇರಲಿ. ಬಯಲುಸೀಮೆಯಲ್ಲಿ ತುಂಬಿಸಿದ್ದು ತೀರಾ ಚಳಿಯಲ್ಲಿ ಮೇಣಗಟ್ಟಬಹುದು.

ಲೋರೇಂಜ್

ಸೆಪ್ಟೆಂಬರಿನ ಗಂಡಾಂತರ ನೀರಲ್ಲ, ಹಿಮ. 2018ರ ಸೆಪ್ಟೆಂಬರ್ ಕೊನೆಯಲ್ಲಿ ಇದ್ದಕ್ಕಿದ್ದ ಹಾಗೆ ಬಿದ್ದ ಹಿಮಕ್ಕೆ ಲಾಹೌಲ್-ಸ್ಪಿತಿಯಲ್ಲಿ ನೂರಾರು ಜನ ಸಿಕ್ಕಿಬಿದ್ದಿದ್ದರು. ಜುಲೈಯೇನೂ ಸಾಧು ಅಲ್ಲ: 2023ರ ಜುಲೈನಲ್ಲಿ ಚಂದ್ರತಾಲ್ ಕ್ಯಾಂಪುಗಳಲ್ಲಿ ಸುಮಾರು 300 ಮಂದಿ ದಿನಗಟ್ಟಲೆ ಉಳಿದು, ಆಮೇಲೆ ಹಿಮ ತೆಗೆದು ಹೊರಗೆ ತಂದರು. ಹಿಂದಿನ ಸಂಜೆ ಜಿಲ್ಲಾ ಪೊಲೀಸರ ರಸ್ತೆ ಮಾಹಿತಿ ನೋಡಿ. ಬಾತಲ್‌ನಾಚೆಯ ಕುಂಜುಂ ಘಾಟಿ ಕಡೆ ಹಿಮದ ಮುನ್ಸೂಚನೆ ಇದ್ದರೆ ಆ ದಿನ ಸಿಸ್ಸು ನೋಡಿ ಬನ್ನಿ, ಒಂದು ದಿನ ಕೈಯಲ್ಲಿ ಉಳಿಸಿಕೊಂಡೇ ವಾಪಸ್ ವಿಮಾನದ ಟಿಕೆಟ್ ಮಾಡಿ.

ಡಾಕ್ಟ್ರು_ರಾಜಾಜಿನಗರ

ಬಟ್ಟೆ ಮೂರು ಪದರ: ಒಳಗೆ ಬೆವರು ಹೀರಿ ಒಣಗುವ ಬನಿಯನ್ (ಹತ್ತಿಯದು ಬೇಡ, ಒದ್ದೆಯಾದರೆ ಮೈ ತಣ್ಣಗಾಗುತ್ತದೆ), ನಡುವೆ ಫ್ಲೀಸ್, ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಒಂದು ಜೊತೆ ಹೆಚ್ಚುವರಿ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ. ಹಿಂದಿನ ಸೀಟಿನಲ್ಲಿ ವಾಂತಿ ಬರುವವರನ್ನು ಮುಂದೆ ಕೂರಿಸಿ. ಕುಲುಕಾಟದ ವಾಂತಿಗೂ ಎತ್ತರದ ವಾಂತಿಗೂ ಗೊಂದಲವಾಗುತ್ತದೆ. ಗಾಡಿ ನಿಂತು ಅರ್ಧ ಗಂಟೆಯಾದರೂ ಕಡಿಮೆಯಾಗದಿದ್ದರೆ ಎತ್ತರದ್ದೇ ಅಂದುಕೊಂಡು ಇಳಿಯಿರಿ.

ಬಸವನಗುಡಿ_ಬೆಣ್ಣೆದೋಸೆ

ಏಜೆಂಟ್‌ಗೆ ಫೋನ್ ಮಾಡಿ ಇಲ್ಲಿನ ಪ್ರಶ್ನೆಗಳನ್ನೇ ಕೇಳಿದೆ. ಹಳದಿ ಬೋರ್ಡ್, ಎರಡು ಗಾಡಿ, ಕಂಪ್ರೆಸರ್ ಇದೆ. 4:30ಕ್ಕೆ ಹೊರಡೋಕೆ ಒಪ್ಪಿದರು. ಸ್ಟೆಪ್ನಿ ಮಾತ್ರ ಗಾಡಿಗೊಂದೇ, ಎರಡನೇದು 'ನೋಡೋಣ' ಅಂದರು.

ಗ್ರೀಸ್_ಕೈ

ಎರಡೂ ಗಾಡಿ ಒಂದೇ ಅಳತೆಯ ಟೈರಾ, ಒಂದೇ ಬೋಲ್ಟ್ ಲೆಕ್ಕಾ ಅಂತ ಕೇಳಿ. ಹೌದು ಅಂದರೆ ಎರಡು ಗಾಡಿಯ ನಡುವೆ ಎರಡು ಸ್ಟೆಪ್ನಿ ಆಯ್ತು, ನಡೆಯುತ್ತೆ. ಒಂದು ಥಾರ್, ಇನ್ನೊಂದು ಬೇರೆ ಏನೋ ಅಂದರೆ ಬಿಡಬೇಡಿ, ಎರಡನೇದನ್ನ ಹಿಂದೆ ಕಟ್ಟಿಸಿ. ಜಾಕ್ ಕೆಳಗೆ ಇಡೋಕೆ ಒಂದಡಿ ಚೌಕದ ಮರದ ಹಲಗೆಯನ್ನೂ ಕೇಳಿ, ಆ ಕಲ್ಲು ಜರಿಯಲ್ಲಿ ಬರೀ ಜಾಕ್ ನಿಲ್ಲಲ್ಲ.